ಸವಾರ ಇಳಿಯುವ ದಿನ

1978ರ ಮಾರ್ಚ್ 19ರಂದು ಬೆಲ್ಜಿಯಂನ ಕೆಮ್ಜೆಕ ಎಂಬ ಊರಿನಲ್ಲಿ ಒಂದು ಸೈಕಲ್ ರೇಸು ನಡೆಯಿತು. ಹೇಳಿಕೊಳ್ಳುವಂಥ ದೊಡ್ಡ ರೇಸೇನಲ್ಲ. ಅದರಲ್ಲಿ 12ನೆಯವನಾಗಿ ಗೆರೆ ದಾಟಿದವನು ಎಡ್ಡಿ ಮರ್ಕ್ಸ್. ಅದೇ ಅವನ ಕೊನೆಯ ರೇಸು ಎಂಬುದು ರಸ್ತೆಬದಿಯಲ್ಲಿ ನಿಂತು ನೋಡಿದವರಿಗೆ ಗೊತ್ತಿರಲಿಲ್ಲ. ಎರಡು ತಿಂಗಳು ಕಳೆದು, ಮೇ 18ರಂದು, ಬ್ರಸೆಲ್ಸ್‌ನಲ್ಲಿ ಪತ್ರಕರ್ತರನ್ನು ಕರೆದು ನಿವೃತ್ತಿ ಘೋಷಿಸಿದ. ಅವನಿಗೆ 33 ತುಂಬಲು ಇನ್ನೂ ಒಂದು ತಿಂಗಳು ಬಾಕಿಯಿತ್ತು. ಫ್ರಾನ್ಸ್ ಸುತ್ತುವ ಟೂರ್ ಡಿ ಫ್ರಾನ್ಸ್ ಐದು ಸಲ, ಇಟಲಿಯ ಜಿರೋ ಐದು ಸಲ, ವೃತ್ತಿಪರರ ವಿಶ್ವ ಚಾಂಪಿಯನ್ ಪಟ್ಟ ಮೂರು ಸಲ, ಎಲ್ಲ ಸೇರಿ 525 ಗೆಲುವು: ಇಷ್ಟು ಗಳಿಸಿದವನ ಓಟ ಮುಗಿದದ್ದು ಹೀಗೆ, ಒಂದು ಹಳ್ಳಿಯ ರೇಸಿನ ಫಲಿತಾಂಶ ಪಟ್ಟಿಯ ನಡುವಿನಲ್ಲಿ.

ಮುಂಬಯಿ ಆಸುಪಾಸಿನವರಿಗೆ ನಿವೃತ್ತಿ ಎಂದರೆ ನೆನಪಾಗುವ ಚಿತ್ರವೇ ಬೇರೆ. 2013ರ ನವೆಂಬರಿನಲ್ಲಿ ವಾಂಖೆಡೆ ಮೈದಾನದಲ್ಲಿ ಸಚಿನ್ ತೆಂಡೂಲ್ಕರ್ ತಮ್ಮ 200ನೇ ಟೆಸ್ಟ್ ಆಡಿ, ಮೈಕು ಹಿಡಿದು ಒಬ್ಬೊಬ್ಬರ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿ, ಪಿಚ್ಚಿಗೆ ನಮಸ್ಕರಿಸಿ ಹೊರಟರು. ದಿನಾಂಕ ಮೊದಲೇ ಗೊತ್ತಿತ್ತು, ಟಿಕೇಟು ಮಾರಾಟವಾಗಿತ್ತು. ರಸ್ತೆ ಸೈಕಲ್ ಓಟದಲ್ಲಿ ಇಂಥ ವಿದಾಯ ಅಪರೂಪ. ಅಲ್ಲಿ ಚಾಂಪಿಯನ್ ಮೊದಲು ಕುಸಿಯುತ್ತಾನೆ. ಕುಸಿದದ್ದನ್ನು ಎಲ್ಲರಿಗಿಂತ ತಡವಾಗಿ ಒಪ್ಪುವವನೂ ಅವನೇ. ಆಮೇಲೆ ಎಂದೋ ಒಂದು ದಿನ ಸೈಕಲ್ ಒರಗಿಸಿಡುತ್ತಾನೆ. ಆ ದಿನವನ್ನು ಗೊತ್ತುಮಾಡುವವರು ಯಾರು? ಕಾಲೋ, ಮನಸ್ಸೋ, ಸಂಬಳ ಕೊಡುವ ಧಣಿಯೋ? ಈ ಉಪನ್ಯಾಸದ ವಿಷಯ ಅದು.

ಥಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡಿಗರಿಗೆ ಇದು ದೂರದ ವಿಷಯವೆಂದು ತೋರಬಹುದು. ಹಾಗೇನಿಲ್ಲ. ವಾಶಿಯ ಖಾಡಿಗೆ 1970ರ ದಶಕದ ಆರಂಭದಲ್ಲಿ ಸೇತುವೆ ಬರುವ ಮುಂಚೆ ಮುಂಬಯಿಯಿಂದ ಪುಣೆಗೆ ಹೋಗುವ ಹೆದ್ದಾರಿ ಥಾಣೆಗೆ ಬಂದು, ಮುಂಬ್ರಾದ ಗುಡ್ಡ ಬಳಸಿ, ಶಿಳ್‌ಫಾಟಾ ದಾಟಿ ಪನ್ವೇಲಿಗೆ ಇಳಿಯುತ್ತಿತ್ತು. ಇಂದು ಡೊಂಬಿವಲಿಯ ಕಾಟಯಿ ನಾಕಾದಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡವರು ಹೋಗಿ ಸೇರುವುದು ಅದೇ ಹಳೆಯ ದಾರಿಯನ್ನು. ಮುಂಬಯಿ–ಪುಣೆ ಸೈಕಲ್ ರೇಸು ಭಾರತದ ಹಳೆಯ ರಸ್ತೆ ಓಟಗಳಲ್ಲೊಂದು. ಖೋಪೋಲಿಯ ತನಕ ಗುಂಪಾಗಿ ಬಂದವರನ್ನು ಬೇರ್ಪಡಿಸುವುದು ಅಲ್ಲಿಂದ ಮುಂದಿನ ಬೋರ್ ಘಾಟ್. ಗವರ್ನರ್ ಜಾನ್ ಮಾಲ್ಕಮ್ 1830ರಲ್ಲಿ ಗಾಡಿಗಳಿಗೆಂದು ತೆರೆದ ಈ ದಾರಿ ಖಂಡಾಲಾ ಮುಟ್ಟುವಷ್ಟರಲ್ಲಿ ಸುಮಾರು 500 ಮೀಟರ್ ಮೇಲೇರುತ್ತದೆ. ಘಾಟಿಯ ತುದಿಯನ್ನು ಮೊದಲು ಮುಟ್ಟಿದವನಿಗೆ ಮರಾಠಿಯಲ್ಲಿ ‘ಘಾಟಾಚಾ ರಾಜಾ’ ಎಂಬ ಬಿರುದು. ಪುಣೆಯಲ್ಲಿ ಮೊದಲು ಬಂದವನ ಹೆಸರು ಮರೆತರೂ ಘಾಟಿಯ ರಾಜನ ಹೆಸರನ್ನು ಜನ ಮರೆಯುವುದಿಲ್ಲ. ಏರಿನಲ್ಲಿ ಯಾರೂ ಯಾರನ್ನೂ ಏಮಾರಿಸಲಾಗದು ಎಂಬುದು ನೋಡುವವರಿಗೂ ಗೊತ್ತು.

ಏಮಾರಿಸುವ ಮಾತು ಯಾಕೆಂದರೆ, ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಓಟ ಅರ್ಧಕ್ಕರ್ಧ ಗಾಳಿಯ ಲೆಕ್ಕಾಚಾರ. ಮುಂದಿನವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋದವನಿಗೆ ಮೂರನೇ ಒಂದರಷ್ಟು ಶ್ರಮ ಉಳಿಯುತ್ತದೆ. ಆದ್ದರಿಂದಲೇ ತಂಡ ಬೇಕು: ನಾಯಕನಿಗಾಗಿ ಗಾಳಿಗೆ ಎದೆಯೊಡ್ಡುವವರು, ನೀರಿನ ಬಾಟಲಿ ತಂದುಕೊಡುವವರು, ಅವನ ಚಕ್ರ ಪಂಕ್ಚರ್ ಆದರೆ ತಮ್ಮದನ್ನೇ ಬಿಚ್ಚಿಕೊಡುವವರು. ವಯಸ್ಸು ಇಳಿಯುತ್ತಿರುವ ಚಾಂಪಿಯನ್ ಈ ಗುಂಪಿನ ಮರೆಯಲ್ಲಿ ವರ್ಷಗಟ್ಟಲೆ ಅಡಗಿಕೊಳ್ಳಬಹುದು. ಘಾಟಿಯಲ್ಲಿ ವೇಗ ಇಳಿಯುತ್ತದೆ, ಗಾಳಿಯ ತಡೆ ಕಡಿಮೆಯಾಗುತ್ತದೆ, ಮರೆ ಹೋಗುತ್ತದೆ. ಕುಸಿತ ಊರಿಗೆಲ್ಲ ಕಾಣುವುದು ಅಲ್ಲೇ.

ಮರ್ಕ್ಸ್‌ನದು ಕಂಡದ್ದು 1975ರ ಜುಲೈ 13ರಂದು, ಫ್ರಾನ್ಸಿನ ಆಲ್ಪ್ಸ್ ಪರ್ವತದ ಪ್ರಾ–ಲೂ ಏರಿನಲ್ಲಿ. ಅಂದು ಬೆಳಗ್ಗೆ ನೀಸ್ ಪಟ್ಟಣದಿಂದ ಹೊರಟಾಗ, ಟೂರ್‌ನ ಒಟ್ಟು ಲೆಕ್ಕದಲ್ಲಿ ಮುಂದಿರುವವನು ತೊಡುವ ಹಳದಿ ಜರ್ಸಿ ಅವನ ಮೈಮೇಲಿತ್ತು. ಎರಡು ಸಾವಿರ ಮೀಟರ್ ಮೀರಿದ ಅಲ್ಲೋಸ್ ಕಣಿವೆದಾರಿಯ ನೆತ್ತಿಯ ಬಳಿ ಎಲ್ಲರನ್ನೂ ಬಿಟ್ಟು ನುಗ್ಗಿದ, ಅಪಾಯದ ಇಳಿಜಾರಿನಲ್ಲಿ ಅಂತರ ಹೆಚ್ಚಿಸಿಕೊಂಡ. ಆರನೆಯ ಟೂರ್ ಅವನದೇ ಎಂದು ಎಲ್ಲರೂ ಎಣಿಸಿದರು. ಉಳಿದದ್ದು ಕೊನೆಯ ಏರು ಮಾತ್ರ. ಅಲ್ಲಿ ಅವನ ಕಾಲು ನಿಂತೇಹೋಯಿತು. ಡಾಂಬರು ಬಿಸಿಲಿಗೆ ಕರಗುತ್ತಿತ್ತು. ಮೊದಲು ಇಟಲಿಯ ಫೆಲೀಚೆ ಜಿಮೊಂದಿ, ಆಮೇಲೆ ಫ್ರಾನ್ಸಿನ ರೈತನ ಮಗ ಬರ್ನಾರ್ ತೆವನೆ ಅವನ ಬೆನ್ನು ಕಂಡರು, ಹಿಡಿದರು, ದಾಟಿದರು. ತೆವನೆ ರಸ್ತೆಯ ಆಚೆ ಅಂಚಿನಿಂದ ಹಾದುಹೋದ. ಪಕ್ಕದಲ್ಲಿ ಹೋದರೆ ಈತ ಬೆನ್ನು ಹಿಡಿದಾನು ಎಂಬ ಭಯ ಆಗಲೂ ಇತ್ತು. ತುದಿಯಲ್ಲಿ ಮರ್ಕ್ಸ್ ಐದನೆಯವನು, 1 ನಿಮಿಷ 56 ಸೆಕೆಂಡು ಹಿಂದೆ. ಹಳದಿ ಜರ್ಸಿ ಕಳಚಿತು. ಮತ್ತೆಂದೂ ಅದು ಅವನ ಮೈಯೇರಲಿಲ್ಲ.

ಇದಕ್ಕೆ ಎರಡು ದಿನ ಮೊದಲು ಪ್ವಿ ಡಿ ಡೋಮ್ ಬೆಟ್ಟದ ಏರಿನಲ್ಲಿ ನೋಡಲು ಬಂದ ಒಬ್ಬಾತ ಗುಂಪಿನಿಂದ ಚಾಚಿ ಮರ್ಕ್ಸ್‌ನ ಹೊಟ್ಟೆಯ ಪಕ್ಕಕ್ಕೆ ಗುದ್ದಿದ್ದ. ಬೆಲ್ಜಿಯಂನವನೊಬ್ಬ ವರ್ಷವರ್ಷವೂ ಗೆಲ್ಲುವುದನ್ನು ಸಹಿಸಲಾಗದ ಫ್ರೆಂಚರ ಸಿಟ್ಟು ಆ ದಿನಗಳಲ್ಲಿ ಸಣ್ಣದೇನೂ ಇರಲಿಲ್ಲ. ಸೋಲಿಗೆ ಈ ಗುದ್ದೇ ಕಾರಣ ಎಂದು ಹೇಳುವವರು ಇಂದಿಗೂ ಇದ್ದಾರೆ. ನೋವು ಇತ್ತು, ಔಷಧಿ ತೆಗೆದುಕೊಂಡಿದ್ದ, ಅದು ಸರಿ. ಆದರೆ ಹಿಂದುಮುಂದಿನ ವರ್ಷಗಳನ್ನು ಜೋಡಿಸಿ ನೋಡಿದರೆ ಆ ಒಂದು ಗುದ್ದಿನ ಮೇಲೆ ಇಡೀ ಕುಸಿತವನ್ನು ಹೊರಿಸುವುದು ಅಭಿಮಾನಿಗಳ ಪಕ್ಷಪಾತ ಎನಿಸುತ್ತದೆ.

ಕುಸಿತದ ಬೀಜ 1969ರಲ್ಲೇ ಇತ್ತು. ಆ ವರ್ಷದ ಟೂರ್‌ನಲ್ಲಿ 24ರ ಹುಡುಗ ಪಿರನೀಸ್ ಪರ್ವತದಲ್ಲಿ, ಆಗಲೇ ಸಾಕಷ್ಟು ಮುಂದಿದ್ದರೂ, ಒಬ್ಬನೇ ನುಗ್ಗಿ ಸುಮಾರು 140 ಕಿಲೋಮೀಟರ್ ಸವಾರಿ ಮಾಡಿ ಮೂರೆಂಕ್ಸ್ ಊರನ್ನು ಮುಟ್ಟಿದ. ಆ ಟೂರ್ ಗೆದ್ದ ಅಂತರ 17 ನಿಮಿಷ 54 ಸೆಕೆಂಡು. ಎರಡು ತಿಂಗಳೂ ಕಳೆಯಲಿಲ್ಲ, ಸೆಪ್ಟೆಂಬರ್ 9ರಂದು ಬ್ಲ್ವಾ ಪಟ್ಟಣದ ಸೈಕಲ್ ಮೈದಾನದಲ್ಲಿ ಮೋಟಾರಿನ ಹಿಂದೆ ಓಡಿಸುವ ಪ್ರದರ್ಶನ ರೇಸಿನಲ್ಲಿ ಅಪಘಾತವಾಯಿತು. ಮುಂದೆ ಮೋಟಾರು ನಡೆಸುತ್ತಿದ್ದ ಫೆರ್ನಾಂಡ್ ವಾಂಬ್ಸ್ಟ್ ಸತ್ತ. ಮರ್ಕ್ಸ್‌ನ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿತು, ಸೊಂಟದ ಮೂಳೆ ಸರಿಯಿತು. ಅದಾದ ಮೇಲೆ ಘಾಟಿಗಳಲ್ಲಿ ತಾನು ಮೊದಲಿನವನಾಗಲೇ ಇಲ್ಲ ಎಂದು ಅವನೇ ಹಲವು ಸಲ ಹೇಳಿಕೊಂಡಿದ್ದಾನೆ. ರೇಸಿನ ನಡುವೆಯೇ ಪಾನಾ ತೆಗೆದು ಸೀಟನ್ನು ಮೇಲೆ ಕೆಳಗೆ ಮಾಡಿಕೊಳ್ಳುವ ಅಭ್ಯಾಸ ಬಂದದ್ದು ಆಗ. ನಾಲ್ಕು ಟೂರ್, ನಾಲ್ಕು ಜಿರೋ, ಮೆಕ್ಸಿಕೋ ನಗರದಲ್ಲಿ 1972ರಲ್ಲಿ ಒಂದು ತಾಸಿಗೆ 49.431 ಕಿಲೋಮೀಟರ್ ಓಡಿಸಿದ ದಾಖಲೆ, ಇವೆಲ್ಲ ಆ ಸೊಂಟನೋವಿನೊಡನೆಯೇ ಬಂದವು. ಜಗತ್ತು ನೋಡಿ ಬೆರಗಾದ ಮರ್ಕ್ಸ್, ತನ್ನ ಲೆಕ್ಕದಲ್ಲಿ, ಇಳಿದ ಮರ್ಕ್ಸ್.

ಆತ ರೇಸು ಆಡುವ ರೀತಿಯೂ ಆಯಸ್ಸನ್ನು ತಿಂದಿತು. 1971ರಲ್ಲಿ 120 ರೇಸುಗಳಿಗಿಳಿದು 54ನ್ನು ಗೆದ್ದ. ಸಣ್ಣ ರೇಸು, ದೊಡ್ಡ ರೇಸು ಎಂಬ ಭೇದ ಅವನಿಗಿರಲಿಲ್ಲ. ‘ನರಭಕ್ಷಕ’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಅದರ ಜೊತೆಗೆ ಹಣದ ವ್ಯವಸ್ಥೆಯೂ ಹಾಗೇ ಇತ್ತು. ಟೂರ್ ಮುಗಿದ ಮೇಲೆ ಊರೂರಿನಲ್ಲಿ ಪ್ರದರ್ಶನ ರೇಸುಗಳು, ಚಳಿಗಾಲದಲ್ಲಿ ಮೈದಾನದೊಳಗೆ ಆರು ದಿನಗಳ ಓಟ. ಹೆಸರಿದ್ದವನು ಬಂದರೆ ಮಾತ್ರ ಟಿಕೇಟು ಖರ್ಚಾಗುತ್ತಿತ್ತು. ಯಕ್ಷಗಾನ ಮೇಳದ ತಿರುಗಾಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನಿನ್ನೆ ರಾತ್ರಿ ಒಂದೂರು, ಇಂದು ಇನ್ನೊಂದು, ವೇಷ ಮಾತ್ರ ಅದೇ ಕಳೆಯಲ್ಲಿ ರಂಗಕ್ಕೆ ಬರಬೇಕು. 1977ರಲ್ಲಿ, ಮೈ ಮಾತು ಕೇಳುವುದನ್ನು ಬಿಟ್ಟ ಮೇಲೂ, ಟೂರ್ ಮುಗಿಸಿ 40 ದಿನಗಳಲ್ಲಿ 22 ರೇಸುಗಳಿಗೆ ಹೋದ.

ವಯಸ್ಸು ಸೈಕಲ್ ಸವಾರನಿಂದ ಮೊದಲು ಕಿತ್ತುಕೊಳ್ಳುವುದು ಬಲವನ್ನಲ್ಲ, ಮರುದಿನವನ್ನು. ಮೂರು ವಾರಗಳ ಓಟದಲ್ಲಿ ದಿನವೂ ನಾಲ್ಕೈದು, ಕೆಲವೊಮ್ಮೆ ಏಳು ತಾಸು ಸೀಟಿನ ಮೇಲೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಸಂಜೆಗೆ ಬರಿದಾಗುತ್ತದೆ, ನಾರುಗಳು ಹರಿಯುತ್ತವೆ. ರಾತ್ರಿ ಊಟ, ಮಾಲೀಸು, ನಿದ್ದೆ. ಇಪ್ಪತ್ತೈದರಲ್ಲಿ ಬೆಳಗಾಗುವಷ್ಟರಲ್ಲಿ ತುಂಬಿಕೊಂಡದ್ದು ಮೂವತ್ತು ದಾಟಿದ ಮೇಲೆ ಮುಕ್ಕಾಲು ಮಾತ್ರ ತುಂಬುತ್ತದೆ. ಒಂದು ದಿನದ ರೇಸಿನಲ್ಲಿ ಇದು ಗೊತ್ತಾಗುವುದಿಲ್ಲ. ಆದ್ದರಿಂದಲೇ 1976ರ ಮಾರ್ಚಿನಲ್ಲಿ ಮರ್ಕ್ಸ್ ಮಿಲಾನ್–ಸ್ಯಾನ್ ರೆಮೋ ರೇಸನ್ನು ಏಳನೆಯ ಸಲ ಗೆದ್ದ; ಅದೇ ವರ್ಷ ಮೂರು ವಾರಗಳ ಜಿರೋದಲ್ಲಿ ಎಂಟನೆಯವನಾದ, ಟೂರ್‌ಗೆ ಹೋಗಲೇ ಇಲ್ಲ. ಮಾರ್ಚಿನ ಗೆಲುವು ಅವನನ್ನೇ ಏಮಾರಿಸಿತೇನೋ. ಹಳೆಯ ಬಲ ಒಂದು ದಿನದ ಮಟ್ಟಿಗೆ ತಿರುಗಿ ಬಂದರೆ ಪೂರ್ತಿ ತಿರುಗಿ ಬಂದಂತೆ ಅನಿಸುತ್ತದೆ.

1975ರ ಟೂರ್‌ಗೆ ಮತ್ತೆ ಬರಬೇಕು. ಪ್ರಾ–ಲೂ ಆದ ಎರಡೇ ದಿನಕ್ಕೆ ರೇಸು ಶುರುವಾಗುವ ಮುಂಚಿನ ನಿಧಾನ ಸವಾರಿಯಲ್ಲಿ ಇನ್ನೊಬ್ಬನಿಗೆ ತಾಗಿ ಬಿದ್ದು ಕೆನ್ನೆಮೂಳೆ ಮುರಿದುಕೊಂಡ. ಅಗಿಯಲಾಗದು. ವೈದ್ಯರು ಮನೆಗೆ ಹೋಗೆಂದರು. ಗಂಜಿಯಂಥ ದ್ರವಾಹಾರ ಕುಡಿದುಕೊಂಡೇ ಪ್ಯಾರಿಸ್ ತನಕ ಬಂದ, 2 ನಿಮಿಷ 47 ಸೆಕೆಂಡು ಅಂತರದಲ್ಲಿ ಎರಡನೆಯವನಾದ. ತಾನು ಬಿಟ್ಟುಹೋದರೆ ಎರಡನೆಯ ಸ್ಥಾನದ ಬಹುಮಾನದಲ್ಲಿ ತಂಡದವರಿಗೆ ಸಿಗುವ ಪಾಲು ತಪ್ಪುತ್ತದೆ ಎಂಬುದು ಅವನು ಕೊಟ್ಟ ಕಾರಣ. ಆ ಹಟ ತನ್ನ ವೃತ್ತಿಜೀವನವನ್ನು ಮೊಟಕು ಮಾಡಿತೆಂದು ಮುಂದೆ ಒಪ್ಪಿಕೊಂಡ. 1977ರ ವಸಂತದಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. 1969 ಮತ್ತು 1973ರಲ್ಲೂ ಇಂಥ ಪ್ರಕರಣಗಳಾಗಿದ್ದವು. ಅವನ ಕಥೆ ಹೇಳುವವರು ಇದನ್ನು ಬಿಟ್ಟು ಹೇಳುವುದುಂಟು, ಬಿಡಬಾರದು. ಆ ಬೇಸಿಗೆಯ ಟೂರ್‌ನಲ್ಲಿ ಆಲ್ಪ್ ದ್ಯುಯೆಝ್ ಬೆಟ್ಟದ ಹಂತವೊಂದರಲ್ಲೇ 13 ನಿಮಿಷ ಕಳೆದುಕೊಂಡು ಒಟ್ಟು ಆರನೆಯವನಾದ. ಆರನೆಯ ಸ್ಥಾನ ಯಾವ ಸಾಮಾನ್ಯ ಸವಾರನಿಗೂ ಜೀವಮಾನದ ಸಾಧನೆ. ಮರ್ಕ್ಸ್‌ಗೆ ಅದು ಪತ್ರಿಕೆಗಳ ಮರಣವಾರ್ತೆ.

ಇನ್ನು ಧಣಿಗಳ ಮಾತು. ವೃತ್ತಿಪರ ಸೈಕಲ್ ತಂಡಕ್ಕೆ ಊರಿಲ್ಲ, ಮೈದಾನವಿಲ್ಲ, ಟಿಕೇಟಿನ ಹಣವಿಲ್ಲ. ರಸ್ತೆಬದಿಯಲ್ಲಿ ನಿಂತು ಪುಕ್ಕಟೆ ನೋಡುವ ಆಟ ಅದು. ತಂಡ ನಡೆಯುವುದು ಯಾವುದೋ ಕಂಪನಿ ತನ್ನ ಹೆಸರನ್ನು ಜರ್ಸಿಯ ಮೇಲೆ ಬರೆಸಿ ಸಂಬಳ ಕೊಟ್ಟರೆ ಮಾತ್ರ. ಮರ್ಕ್ಸ್‌ನನ್ನು ಬೆಳೆಸಿದ ಫೇಮಾ ಕಂಪನಿ ಮಾಡುತ್ತಿದ್ದದ್ದು ಹೋಟೆಲುಗಳಲ್ಲಿಡುವ ಕಾಫಿ ಯಂತ್ರ. ಈ ಭಾಗದ ಹೋಟೆಲ್ ಉದ್ಯಮಿಗಳಿಗೆ ಆ ಹೆಸರು ಅಪರಿಚಿತವಾಗಿರಲಿಕ್ಕಿಲ್ಲ. ಆಮೇಲಿನ ಮೊಲ್ಟೇನಿ ಮಾಂಸದ ಸಾಸೇಜು ಮಾರುವ ಕಂಪನಿ, 1976ರ ಕೊನೆಗೆ ಕೈಬಿಟ್ಟಿತು. 1977ರಲ್ಲಿ ಕಾರಿನ ಫಿಯೆಟ್ ಬಂತು, ಒಂದೇ ವರ್ಷಕ್ಕೆ ಹೊರಟಿತು. 1978ಕ್ಕೆ ಬಟ್ಟೆ ಅಂಗಡಿಗಳ ಸಿ ಅಂಡ್ ಎ. ಯಾವ ಕಂಪನಿಯಾದರೂ ಕೊಳ್ಳುತ್ತಿದ್ದದ್ದು 1974ರ ಮರ್ಕ್ಸ್‌ನನ್ನು; ಅವರ ಕೈಗೆ ಬಂದವನು 1978ರವನು. ಹೊಸ ಜರ್ಸಿಯಲ್ಲಿ ಐದೇ ರೇಸು ಓಡಿ ಆತ ನಿಂತ. ಸಂಬಳಕ್ಕೆ ಸಹಿ ಹಾಕಿ, ಮೈಯಿಂದ ಕೆಲಸವಾಗದೆ, ಮನೆಯಲ್ಲಿ ಕುಳಿತ ಆ ಎರಡು ತಿಂಗಳು ಅವನ ಪಾಲಿಗೆ ಪ್ರಾ–ಲೂಗಿಂತ ಕಡಿದಾಗಿದ್ದಿರಬೇಕು.

ಎಲ್ಲರೂ ಹೀಗೆ ಹೋಗಲಿಲ್ಲ. ಮರ್ಕ್ಸ್‌ನ ನಂತರ ಬಂದ ಬರ್ನಾರ್ ಇನೋ, ಅವನೂ ಐದು ಟೂರ್ ಗೆದ್ದವನೇ, 32 ತುಂಬಿದ ದಿನ ಬಿಡುತ್ತೇನೆ ಎಂದು ವರ್ಷಗಳ ಮೊದಲೇ ಹೇಳಿದ್ದ. ಹೇಳಿದಂತೆ 1986ರ ನವೆಂಬರಿನಲ್ಲಿ ಬಿಟ್ಟು ಬ್ರಿಟನಿಯ ತನ್ನ ಹೊಲಕ್ಕೆ ಹೋದ. ಕೊನೆಯ ಟೂರ್‌ನಲ್ಲೂ ಎರಡನೆಯವನಾಗಿ, ಬೆಟ್ಟದ ರಾಜನ ಚುಕ್ಕೆ ಜರ್ಸಿ ಗೆದ್ದು ಹೊರಟವನು. ಇನ್ನೊಂದು ವರ್ಷ ಓಡು ಎಂದವರ ಮಾತಿಗೆ ಕಿವಿಗೊಡಲಿಲ್ಲ. ಅವನನ್ನು ಆ ಟೂರ್‌ನಲ್ಲಿ ಸೋಲಿಸಿದ ಅಮೆರಿಕದ ಗ್ರೆಗ್ ಲೆಮಾಂಡ್‌ಗೆ ಇಂಥ ಆಯ್ಕೆಯೇ ಇರಲಿಲ್ಲ. 1987ರ ಏಪ್ರಿಲಿನಲ್ಲಿ ಬೇಟೆಗೆ ಹೋದಾಗ ಭಾವಮೈದುನನ ಕೋವಿಯ ಗುಂಡುಚೂರುಗಳು ಮೈಗೆ ಹೊಕ್ಕವು. ಸಾವಿನಿಂದ ಪಾರಾಗಿ ಬಂದು 1989ರಲ್ಲಿ ಬರೀ 8 ಸೆಕೆಂಡಿನಿಂದ, 1990ರಲ್ಲಿ ಮತ್ತೊಮ್ಮೆ ಟೂರ್ ಗೆದ್ದ, 1994ರಲ್ಲಿ ನಿವೃತ್ತನಾದ.

ಸ್ಪೇನಿನ ಮಿಗೆಲ್ ಇಂಡುರೈನ್‌ನದು ಎಲ್ಲಕ್ಕಿಂತ ನೋಯಿಸುವ ಕಥೆ. 1991ರಿಂದ 1995ರ ತನಕ ಸತತ ಐದು ಟೂರ್. 1996ರಲ್ಲಿ ಆರನೆಯದಕ್ಕೆ ಹೊರಟಾಗ ಆಲ್ಪ್ಸ್‌ನ ಲೆಸ್ ಆರ್ಕ್ ಏರಿನಲ್ಲಿ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ದಮ್ಮು ಹೋಯಿತು, ಮೂರು ನಿಮಿಷಕ್ಕಿಂತ ಹೆಚ್ಚು ಕಳೆದುಕೊಂಡ. ಆ ವರ್ಷದ ಟೂರ್ ಅವನ ಗೌರವಕ್ಕೆಂದೇ ಅವನ ಹುಟ್ಟೂರು ವಿಯಾವಾದ ಪಕ್ಕದ ಪಾಂಪ್ಲೋನಾಗೆ ಬರುವಂತೆ ದಾರಿ ಹಾಕಿತ್ತು. ಹಳದಿ ಜರ್ಸಿಯಲ್ಲಿ ಬರಬೇಕಾದವನು ಎಂಟು ನಿಮಿಷ ತಡವಾಗಿ ಊರು ಸೇರಿದ. ಮುಂದಿನ ತಿಂಗಳು ಅಟ್ಲಾಂಟಾ ಒಲಿಂಪಿಕ್ಸ್‌ನ ಒಂಟಿ ಓಟದಲ್ಲಿ ಚಿನ್ನ ಗೆದ್ದದ್ದು ನಿಜ. ಅದೂ ಒಂದು ದಿನದ ಬಲವೇ. ಸೆಪ್ಟೆಂಬರಿನಲ್ಲಿ ಸ್ಪೇನಿನ ರೇಸಿನ ನಡುವೆ ರಸ್ತೆಬದಿಯ ಹೋಟೆಲಿನ ಮುಂದೆ ಸೈಕಲಿನಿಂದಿಳಿದ. 1997ರ ಜನವರಿ 2ರಂದು ನಿವೃತ್ತಿ ಹೇಳಿದ.

ಮರ್ಕ್ಸ್‌ನ ಒಂದು ದಾಖಲೆ ಬಹುಕಾಲ ಅಲುಗಾಡಲಿಲ್ಲ: ಟೂರ್‌ನಲ್ಲಿ 34 ಹಂತಗಳ ಗೆಲುವು. ಅದನ್ನು 2024ರ ಜುಲೈ 3ರಂದು ಮುರಿದವನು 39ರ ಮಾರ್ಕ್ ಕ್ಯಾವೆಂಡಿಶ್. ಹಿಂದಿನ ವರ್ಷವೇ ನಿವೃತ್ತಿ ಘೋಷಿಸಿ, ಟೂರ್‌ನಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡು, ಹೇಳಿದ ಮಾತನ್ನು ಹಿಂತೆಗೆದುಕೊಂಡು ಬಂದವನು ಈತ. ಇವನ ಜಾಣತನ ಬೇರೆ ಬಗೆಯದು. ಘಾಟಿಗಳಲ್ಲಿ ಸಮಯದ ಮಿತಿಯೊಳಗೆ ತೆವಳಿ, ಕೊನೆಯ ಇನ್ನೂರು ಮೀಟರಿಗೆಂದೇ ಕಾಲನ್ನು ಕಾಪಿಟ್ಟುಕೊಂಡ. ಮರ್ಕ್ಸ್‌ಗೆ ಕಾಪಿಡುವುದು ಗೊತ್ತಿದ್ದರೆ 525 ಗೆಲುವು ಬರುತ್ತಿರಲಿಲ್ಲ.

ನಮ್ಮಲ್ಲಿಗೆ ಬಂದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತದ ಸೈಕಲ್ ತಂಡದಲ್ಲಿ ಆದಿ ಹವೇವಾಲಾ, ರೂಸಿ ಮುಲ್ಲಾ ಫಿರೋಜ್, ಜಹಾಂಗೂ ಅಮೀನ್ ಮೊದಲಾದ ಪಾರ್ಸಿಗಳೇ ಹೆಚ್ಚು. 1964ರ ಟೋಕಿಯೋದ ನಂತರ ಒಲಿಂಪಿಕ್ಸ್‌ನಲ್ಲಿ ಭಾರತದ ಸೈಕಲ್ ಸವಾರ ಕಾಣಿಸಿಕೊಂಡಿಲ್ಲ. ಕನ್ನಡ ನಾಡಿನಲ್ಲಿ ಈ ಆಟದ ತವರು ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಸೀಮೆ. ಜಾತ್ರೆಯಲ್ಲಿ ಕುಸ್ತಿ, ಬಂಡಿ ಓಟದ ಜೊತೆಗೆ ಸೈಕಲ್ ರೇಸು, ಗೆದ್ದವನಿಗೆ ನಗದು ಬಹುಮಾನ. ಅಲ್ಲಿ ಕಣ್ಣಿಗೆ ಬಿದ್ದ ಹುಡುಗ ಹುಡುಗಿಯರು ವಿಜಯಪುರದ ಕ್ರೀಡಾ ಹಾಸ್ಟೆಲಿಗೋ, ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಗೋ ಸೇರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ರಾಷ್ಟ್ರೀಯ ಪದಕ ತಂದವರು.

ಆ ಪದಕ ತೆರೆಯುವ ಬಾಗಿಲು ನೌಕರಿಯದು. ಕ್ರೀಡಾ ಕೋಟಾದಲ್ಲಿ ರೈಲ್ವೆ, ಸೇನೆ, ಪೊಲೀಸ್ ಇಲಾಖೆ. ರಾಷ್ಟ್ರೀಯ ರಸ್ತೆ ಓಟಗಳಲ್ಲಿ ರೈಲ್ವೆ ಮತ್ತು ಸೇನಾ ತಂಡಗಳದೇ ಮೇಲುಗೈ ಆಗಿರುವುದು ಅದಕ್ಕೇ. ಮಳೆ ನಂಬಿದ ಹೊಲದ ಮನೆಗೆ ಒಂದು ಖಾಯಂ ಸಂಬಳ ಬಂತೆಂದರೆ ರೇಸಿನ ಉದ್ದೇಶ ಈಡೇರಿದಂತೆ. ರೇಸಿನ ಕಾರ್ಬನ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೆಲೆ, ಟೈರು ಚೈನುಗಳ ಖರ್ಚು ಬೇರೆ. ಪದೋನ್ನತಿ, ಮದುವೆ, ವರ್ಗಾವಣೆ ಬಂದಾಗ ತರಬೇತಿ ತಾನಾಗಿಯೇ ಹಿಂದೆ ಸರಿಯುತ್ತದೆ. ಯುರೋಪಿನ ಸವಾರ ಮೂವತ್ತೆರಡರಲ್ಲಿ ಸಂಬಳ ನಿಂತು ಇಳಿದರೆ, ನಮ್ಮವನು ಇಪ್ಪತ್ತೈದರಲ್ಲಿ ಸಂಬಳ ಶುರುವಾಗಿ ಇಳಿಯುತ್ತಾನೆ. ಇದನ್ನು ಕೀಳಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಅವನ ಕಾಲು ಪೂರ್ತಿ ಬಲಿಯುವ ವಯಸ್ಸಿಗೆ ಅವನು ರಸ್ತೆಯ ಮೇಲಿರುವುದಿಲ್ಲ ಎಂಬುದು ಮಾತ್ರ ಸತ್ಯ. ಮೂರು ವಾರಗಳ ಓಟ ಭಾರತದಲ್ಲಿಲ್ಲ. ಪ್ರಾ–ಲೂದಂಥ ದಿನವೊಂದನ್ನು ಕಾಣುವಷ್ಟು ದೂರವೂ ನಮ್ಮ ಸವಾರನನ್ನು ಯಾರೂ ಕರೆದೊಯ್ಯಲಿಲ್ಲ.

ಎದುರು ದಿಕ್ಕಿನಲ್ಲಿ ಹೋದವರೂ ಇದ್ದಾರೆ. ಬೆಂಗಳೂರಿನ ನವೀನ್ ಜಾನ್ ಎಂಜಿನಿಯರಿಂಗ್ ವೃತ್ತಿಯಿಂದ ರೇಸಿಗೆ ಬಂದವರು, ರಾಷ್ಟ್ರೀಯ ಚಾಂಪಿಯನ್ ಆದವರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನ ಒಂಟಿ ಓಟದಲ್ಲಿ ಭಾರತದ ಪರ ಇಳಿದರು, ಮುಂದೆ ಆಸ್ಟ್ರೇಲಿಯಾದ ತಂಡವೊಂದಕ್ಕೆ ಸೇರಿದರು. ಇತರರು ನೌಕರಿಗಾಗಿ ರೇಸು ಬಿಡುವ ವಯಸ್ಸಿನಲ್ಲಿ ಇವರು ನೌಕರಿ ಬಿಟ್ಟರು. ಹಾಗೆ ಬಿಡಲು ಕೈಯಲ್ಲಿ ಡಿಗ್ರಿಯೊಂದು ಇರಬೇಕಾಗುತ್ತದೆ ಎಂಬುದೂ ಗಮನಿಸಬೇಕಾದ ಮಾತೇ.

ರೇಸು ಬಿಟ್ಟವರು ಸೈಕಲ್ ಬಿಡಬೇಕೆಂದಿಲ್ಲ. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ, ಥಾಣೆಯ ಯೇವೂರು ಗುಡ್ಡದಲ್ಲಿ ನಸುಕಿಗೆ ಹೋದರೆ ಐವತ್ತು ಅರವತ್ತರವರೂ ಕಾಣಸಿಗುತ್ತಾರೆ. ಅಪಾಯವಿಲ್ಲವೆಂದಲ್ಲ: ಇಂಟೆಲ್ ಕಂಪನಿಯ ಭಾರತ ವಿಭಾಗದ ಮಾಜಿ ಮುಖ್ಯಸ್ಥ ಅವತಾರ್ ಸೈನಿ 2024ರ ಫೆಬ್ರುವರಿ 28ರ ಮುಂಜಾನೆ ನೆರೂಲಿನ ಬಳಿ ಇದೇ ಪಾಮ್ ಬೀಚ್ ರಸ್ತೆಯಲ್ಲಿ ಟ್ಯಾಕ್ಸಿ ಬಡಿದು ತೀರಿಕೊಂಡರು, 68ರ ವಯಸ್ಸಿನಲ್ಲಿ ಗೆಳೆಯರೊಡನೆ ಸವಾರಿಗೆ ಹೊರಟಿದ್ದವರು. ಅದೇ ವರ್ಷದ ಡಿಸೆಂಬರಿನಲ್ಲಿ 79ರ ಮರ್ಕ್ಸ್ ಬೆಲ್ಜಿಯಂನಲ್ಲಿ ರೈಲು ಹಳಿ ದಾಟುವಾಗ ಸೈಕಲಿನಿಂದ ಬಿದ್ದು ಸೊಂಟ ಮುರಿದುಕೊಂಡ, ಶಸ್ತ್ರಚಿಕಿತ್ಸೆಯಾಯಿತು. ನಿವೃತ್ತಿಯ ನಂತರ 1980ರಲ್ಲಿ ಸ್ವಂತ ಸೈಕಲ್ ಕಾರ್ಖಾನೆ ತೆರೆದವನು, ಸವಾರಿಯನ್ನು ಎಂದೂ ಬಿಟ್ಟಿರಲಿಲ್ಲ.

ಇವತ್ತು ಈ ಭಾಗದ ಹವ್ಯಾಸಿಗಳನ್ನು ಹೆಚ್ಚು ಸೆಳೆಯುತ್ತಿರುವುದು ಬ್ರೆವೆ ಎಂಬ ದೂರದ ಸವಾರಿ. 200 ಕಿಲೋಮೀಟರಿಗೆ ಹದಿಮೂರೂವರೆ ತಾಸು, 300ಕ್ಕೆ 20, 400ಕ್ಕೆ 27, 600ಕ್ಕೆ 40 ತಾಸು. ಅಷ್ಟರೊಳಗೆ ಮುಗಿಸಿದವರೆಲ್ಲ ಸಮಾನರು. ಮೊದಲನೆಯವನಿಲ್ಲ, ಹನ್ನೆರಡನೆಯವನೂ ಇಲ್ಲ. ಕಾಲು ಇಳಿದ ಚಾಂಪಿಯನ್ನನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ ಎಂದು ಆಯೋಜಕರು ಹೇಳುತ್ತಾರೆ. ಮರ್ಕ್ಸ್‌ನ ಬಗ್ಗೆ ಓದಿದವರಿಗೆ ಸ್ವಲ್ಪ ಅನುಮಾನ ಬರುವುದು ಸಹಜ: ಅವನನ್ನು ಅಲ್ಲಿಗೆ ಕರೆತಂದಿದ್ದರೆ, ಬೇರೆಯವರು ಪನ್ವೇಲಿನಲ್ಲಿ ಚಹಾ ಕುಡಿಯುತ್ತಿರುವಾಗ ಅವನು ಖಂಡಾಲಾ ಘಾಟಿಯ ಅರ್ಧಕ್ಕೆ ಹೋಗಿಯಾಗಿರುತ್ತಿತ್ತು.